ಹಳಿ ಕೂಡಿದ ಕಡೆ ಹುಟ್ಟಿದ ಊರು

ಬರ್ಮಿಂಗ್‌ಹ್ಯಾಮ್, ಅಲಬಾಮಾ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಈ ಊರು ಹೇಗಿದೆ ಅಂತ ಫೋನಿನಲ್ಲಿ ಕೇಳಿದಿರಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ನಿಮಗೆ ಇದನ್ನು ನಿಧಾನವಾಗಿ ಹೇಳಬೇಕು ಅನ್ನಿಸಿತು.

1871ಕ್ಕೆ ಮೊದಲು ಇಲ್ಲಿ ಈ ಊರೇ ಇರಲಿಲ್ಲ. ಎರಡು ರೈಲು ಮಾರ್ಗ ಇಲ್ಲಿ ಕೂಡುತ್ತವೆ ಅಂತ ಗೊತ್ತಾದ ಮೇಲೆ ಎಲೈಟನ್ ಲ್ಯಾಂಡ್ ಕಂಪನಿ ಹೊಲ ಕೊಂಡು, ಸೈಟು ಮಾಡಿ ಮಾರಿತು. ನಮ್ಮಲ್ಲಿ ಭದ್ರಾ ನದಿ ಇದೆ, ಕಾರ್ಖಾನೆ ಬರುವ ಮೊದಲೇ ಬೆಂಕಿಪುರ ಅಂತ ಊರಿತ್ತು. ಇಲ್ಲಿ ದೋಣಿ ಓಡುವ ನದಿಯೂ ಇಲ್ಲ.

ಅದಿರು ರೆಡ್ ಮೌಂಟನ್ ಗುಡ್ಡದಲ್ಲಿ, ಕಲ್ಲಿದ್ದಲು ವಾರಿಯರ್ ಪ್ರದೇಶದಲ್ಲಿ, ಸುಣ್ಣದ ಕಲ್ಲು ಕಣಿವೆಯಲ್ಲೇ. ಮೂರೂ ಹತ್ತಿರ ಇವೆ. ಆದರೆ ಒಂದು ಟನ್ ಬೀಡು ಕಬ್ಬಿಣಕ್ಕೆ ಇಲ್ಲಿಯ ಅದಿರು ಎರಡು ಟನ್ನಿಗಿಂತ ಜಾಸ್ತಿ ಬೇಕು. ಕಲ್ಲಿದ್ದಲಿನಿಂದ ಮಾಡುವ ಕೋಕ್ ಇಂಧನ ಬೇರೆ. ಅಷ್ಟು ಭಾರವನ್ನು ಎತ್ತಿನ ಗಾಡಿಯಲ್ಲಿ ಹೊತ್ತು ತಂದರೆ ಲಾಭ ಎಲ್ಲಿ ಉಳಿಯುತ್ತೆ, ಅಲ್ವಾ?

1873ರಲ್ಲಿ ಕಾಲರಾ ಬಂತು, ಅದೇ ವರ್ಷ ದೇಶದಲ್ಲೆಲ್ಲ ಹಣದ ಮುಗ್ಗಟ್ಟು. ಊರು ಮುಗಿದೇ ಹೋಯಿತು ಅಂದುಕೊಂಡರಂತೆ. ಎತ್ತಿ ನಿಲ್ಲಿಸಿದ್ದು ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲ್ವೆ. ತನ್ನ ವ್ಯಾಗನ್ನುಗಳಿಗೆ ಸರಕು ಬೇಕಿತ್ತು, ಅದಕ್ಕೇ ಗಣಿ, ಕುಲುಮೆಗಳಿಗೂ ಹಣ ಹಾಕಿತು. ಇಲ್ಲಿಯ ಉದ್ಯಮಿ ಜೇಮ್ಸ್ ಸ್ಲಾಸ್ ಕೂಡ ಮೊದಲು ರೈಲು ಮಾರ್ಗ ತಂದವರು, ಆಮೇಲೆ ಕುಲುಮೆ ಕಟ್ಟಿದವರು. 1882ರಲ್ಲಿ ಆ ಕುಲುಮೆ ಕೆಲಸ ಶುರು ಮಾಡಿತು. 1880ರಲ್ಲಿ ಸುಮಾರು 3,000 ಜನರಿದ್ದ ಊರು 1900ರ ಹೊತ್ತಿಗೆ 38,000 ದಾಟಿತ್ತು.

ಆ ಕಲ್ಲಿದ್ದಲು ಅಗೆದವರಲ್ಲಿ ಎಷ್ಟೋ ಮಂದಿ ಕೈದಿಗಳು, ಹೆಚ್ಚಿನವರು ಕಪ್ಪು ಜನ. ಕೆಲಸವಿಲ್ಲದೆ ತಿರುಗುತ್ತಿದ್ದಾನೆ ಅನ್ನೋ ಸಣ್ಣ ನೆಪಕ್ಕೆ ಹಿಡಿದು, ಸರ್ಕಾರವೇ ಗಣಿ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ನಿಂತದ್ದು 1928ರಲ್ಲಿ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಊರು ಬೆಳೆದ ಕಥೆ ಹೇಳುವಾಗ ಇದನ್ನು ಬಿಡುವುದು ತಪ್ಪು ಅಪ್ಪಾ.

ಸ್ಲಾಸ್ ಕುಲುಮೆ 1971ರಲ್ಲಿ ಮುಚ್ಚಿತು, ಈಗ ಮ್ಯೂಸಿಯಂ. ಒಳಗೆ ಹೋಗಿ ನೋಡಬಹುದು. ಪಕ್ಕದಲ್ಲೇ ಗೂಡ್ಸ್ ರೈಲು ಈಗಲೂ ಓಡುತ್ತವೆ. ತಾತ ಹೇಳುತ್ತಿದ್ದ ಕಾಡಿನಿಂದ ಸೌದೆ ತರುತ್ತಿದ್ದ ಟ್ರಾಮ್ ಹಳಿ ಭದ್ರಾವತಿಯಲ್ಲಿ ಯಾವ ಕಡೆ ಹೋಗುತ್ತಿತ್ತು? ನೆನಪಿರುವಷ್ಟು ಒಂದು ಹಾಳೆಯಲ್ಲಿ ಗೀಚಿ, ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸಿ. ಅಮ್ಮನಿಗೆ ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು