ಲಿಂಕ್ ದೀಪ ಹಸಿರಾದರೆ ಸಾಲದು

ಮಾನ್ಯರೇ,

ಬೆಂಗಳೂರಿನ ಡೇಟಾ ಸೆಂಟರ್‌ಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ 400, 800 ಗಿಗಾಬಿಟ್ ಈಥರ್ನೆಟ್ ಕೊಳ್ಳುವಾಗ ಸ್ವಿಚ್, ಅದರ ಸಂಕೇತವನ್ನು ಬೆಳಕಾಗಿಸುವ ಮಾಡ್ಯೂಲ್‌ಗಳ ಮಾತೇ ಹೆಚ್ಚು. ನಡುವಿನ ಫೈಬರನ್ನು ‘ಕೇಬಲ್ ಕೆಲಸ’ ಎಂದು ಒಂದು ಸಾಲಿನಲ್ಲಿ ಮುಗಿಸಬಾರದು. ಲಿಂಕ್ ಕೈಕೊಡುವ ಜಾಗವೇ ಅದು.

400 ಗಿಗಾಬಿಟ್ ಈಥರ್ನೆಟ್‌ನ ಒಂದು ಬಗೆಯಾದ 400ಜಿ ಡಿಆರ್4 ಲಿಂಕನ್ನೇ ತೆಗೆದುಕೊಳ್ಳಿ. ನಾಲ್ಕು ಲೇನ್ (ಸಮಾನಾಂತರ ಬೆಳಕಿನ ದಾರಿ), ಲೇನಿಗೆ 53.125 ಗಿಗಾಬಾಡ್ (ಸೆಕೆಂಡಿಗೆ ಅಷ್ಟು ಶತಕೋಟಿ ಸಂಕೇತ), ದೂರ 500 ಮೀಟರ್. ದಾರಿಯಲ್ಲಿ ಒಟ್ಟು 3 ಡಿಬಿ (ಡೆಸಿಬೆಲ್; ಬೆಳಕು ಸುಮಾರು ಅರ್ಧಕ್ಕೆ ಇಳಿಯುವಷ್ಟು) ನಷ್ಟಕ್ಕಷ್ಟೇ ಅವಕಾಶ. ಅದರಲ್ಲಿ ಫೈಬರಿನ ಪಾಲು ಕಾಲು ಡಿಬಿ, ಮಿಕ್ಕದ್ದೆಲ್ಲ ಕನೆಕ್ಟರ್‌ಗಳದ್ದು. ಪ್ಯಾಚ್ ಪ್ಯಾನೆಲ್‌ಗಳಲ್ಲಿ ನಾಲ್ಕು ಎಂಪಿಒ (ಹಲವು ಫೈಬರ್‌ಗಳನ್ನು ಒಟ್ಟಿಗೆ ಕೂಡಿಸುವ ಕನೆಕ್ಟರ್) ಜೋಡಣೆ ಬಂದು, ಒಂದೊಂದೂ 0.75 ಡಿಬಿ ತಿಂದರೆ ಅಲ್ಲಿಗೇ 3 ಡಿಬಿ ಮುಗಿಯಿತು. 0.35ರ ಲೋ-ಲಾಸ್ ದರ್ಜೆಯದಾದರೆ 1.4 ಸಾಕು. ಟೆಂಡರಿನಲ್ಲಿ ದರ್ಜೆ ಬರೆಯದಿದ್ದರೆ ಗುತ್ತಿಗೆದಾರರು ಅಗ್ಗದ್ದನ್ನು ತಂದರೂ ಕೇಳುವಂತಿಲ್ಲ.

ಮೊದಲು ಬೆಳಕಿನ ಪ್ರಖರತೆಗೆ ಎರಡೇ ಮಟ್ಟವಿತ್ತು, ಈಗಿನ ಪ್ಯಾಮ್4 ಎಂಬ ಸಂಕೇತ ವಿಧಾನದಲ್ಲಿ ನಾಲ್ಕು. ಮಟ್ಟಗಳ ನಡುವಿನ ಅಂತರ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಎರಡು ಕನೆಕ್ಟರ್‌ಗಳ ನಡುವೆ ಪುಟಿದು ತಡವಾಗಿ ಬಂದ ಬೆಳಕು ಈ ಇಕ್ಕಟ್ಟಿನಲ್ಲಿ ಬಹಳ ಕಾಡುತ್ತದೆ. ಲೇಸರ್ ಶಕ್ತಿ ಏರಿಸಿದರೂ ಪ್ರಯೋಜನವಿಲ್ಲ, ಪ್ರತಿಫಲನವೂ ಜೊತೆಗೇ ಏರುತ್ತದೆ. ಅದಕ್ಕಾಗಿಯೇ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿದ ಎಪಿಸಿ ಕನೆಕ್ಟರ್ ಇರುವುದು. ಅದಕ್ಕೆ ನೇರ ತುದಿಯದನ್ನು ಸಿಕ್ಕಿಸಿದರೆ ನಡುವೆ ಗಾಳಿ ಉಳಿದು ನಷ್ಟವೂ ಪ್ರತಿಫಲನವೂ ಹೆಚ್ಚುತ್ತವೆ.

ಇನ್ನು ಧೂಳು. ಬೆಳಕು ಹರಿಯುವ ಕೋರ್ ಬರೀ 9 ಮೈಕ್ರಾನ್ ಅಗಲ. ವೈಟ್‌ಫೀಲ್ಡಿನಂಥ ಕಡೆ ಪಕ್ಕದಲ್ಲೇ ಕಟ್ಟಡ ಕೆಲಸವಿದ್ದರೆ ಸಿಮೆಂಟಿನ ಒಂದು ಕಣ ಸಾಕು. ಡಿಆರ್4ಗೆ ಎಂಪಿಒದ 12 ಫೈಬರ್‌ಗಳಲ್ಲಿ 8 ಮಾತ್ರ ಬೇಕು. ಆದರೆ ಬಳಸದ ನಡುವಿನ ನಾಲ್ಕರ ಮೇಲೆ ಕಣ ಕೂತರೂ ಎರಡು ಮುಖಗಳು ಪೂರ್ತಿ ಕೂಡುವುದಿಲ್ಲ, ಅಕ್ಕಪಕ್ಕದ ಲೇನ್‌ಗಳು ಕೆಡುತ್ತವೆ. ಹೊಸ ಕನೆಕ್ಟರನ್ನೂ ನಂಬಬೇಡಿ, ಮುಚ್ಚಳದೊಳಗಿನ ಪುಡಿಯೇ ತುದಿಗೆ ಅಂಟಿರುತ್ತದೆ. ತುದಿಯನ್ನು ಹಿಗ್ಗಿಸಿ ತೋರುವ ಸ್ಕೋಪಿನಲ್ಲಿ ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಜೋಡಿಸಿ. ಎರಡೂ ಬದಿ.

ಇಷ್ಟೆಲ್ಲ ತಪ್ಪಿದ್ದರೂ ಸ್ವಿಚ್ಚಿನ ಲಿಂಕ್ ದೀಪ ಹಸಿರಾಗಿಯೇ ಇರಬಹುದು. ಪ್ರತಿ 544 ಸಿಂಬಲ್‌ಗಳಲ್ಲಿ (ಬಿಟ್‌ಗಳ ಗುಂಪುಗಳಲ್ಲಿ) 15ರವರೆಗಿನ ದೋಷವನ್ನು ಎಫ್‌ಇಸಿ ಎಂಬ ದೋಷ ತಿದ್ದುವ ವ್ಯವಸ್ಥೆ ಸದ್ದಿಲ್ಲದೆ ತಿದ್ದುತ್ತದೆ. ಹತ್ತು ಸಾವಿರ ಬಿಟ್‌ಗೆ ಸುಮಾರು 2.4 ತಪ್ಪು ಅದರ ಅಂಚು. ಅದನ್ನು ದಾಟಿದರೆ ಪ್ಯಾಕೆಟ್‌ಗಳು ಒಮ್ಮೆಲೇ ಬೀಳತೊಡಗುತ್ತವೆ. ಅಂಚಿನಲ್ಲಿರುವ ಲಿಂಕಿಗೆ ಬರೀ ಪಿಂಗ್ ಪರೀಕ್ಷೆ (ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು) ಮಾಡಿ ಬಿಲ್ ಪಾಸು ಮಾಡುವುದು ತಪ್ಪು.

ಸಾರ್ವಜನಿಕ ಹಣದಲ್ಲಿ ಫೈಬರ್ ಹಾಕಿಸುವವರು ಟೆಂಡರಿನಲ್ಲೇ ಮೂರನ್ನು ಕೇಳಲಿ: ಪ್ರತಿ ತುದಿಯ ಸ್ಕೋಪ್ ಚಿತ್ರ, ಪ್ರತಿ ಫೈಬರಿನ ಅಳೆದ ನಷ್ಟ, ಪೂರ್ತಿ ಟ್ರಾಫಿಕ್ ಹರಿಸಿದಾಗ ಪ್ರತಿ ಲೇನಿನಲ್ಲಿ ಎಫ್‌ಇಸಿ ತಿದ್ದುವ ಮೊದಲಿನ ದೋಷದ ಪ್ರಮಾಣ. ಆರು ತಿಂಗಳ ನಂತರ ಲಿಂಕ್ ಕುಂಟಿದರೆ ಹೋಲಿಸಿ ನೋಡಲು ಮೊದಲ ದಿನದ ಆ ಅಂಕಿ ಬೇಕೇ ಬೇಕು.

– ಆಪ್ಟಿಕಲ್ ಲಿಂಕ್ ವಿನ್ಯಾಸದ ಎಂಜಿನಿಯರ್‌ಗಳು, ಬೆಂಗಳೂರು