ಸ್ಕ್ಯಾನಿಂಗ್ ಅರ್ಜಿಯಲ್ಲಿ ಮುಟ್ಟಿನ ದಿನಾಂಕಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೆ,

ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಈಗ ಸ್ಕ್ಯಾನಿಂಗ್ ಸೆಂಟರ್‌ಗಳಿವೆ. ಎಂಆರ್‌ಐಗೆಂದು ಬಂದ ಹೆಣ್ಣುಮಕ್ಕಳನ್ನು ಪೇಸ್‌ಮೇಕರ್ ಇದೆಯೇ, ಮೈಯೊಳಗೆ ಲೋಹವೇನಾದರೂ ಇದೆಯೇ, ಬಸುರಿಯೇ ಎಂದು ಅಲ್ಲಿ ಕೇಳುತ್ತಾರೆ, ಕೇಳಲೇಬೇಕು. ಆದರೆ ಕಿಬ್ಬೊಟ್ಟೆಯ ಸ್ಕ್ಯಾನ್‌ಗೆ ಬಂದವರನ್ನು ಕಳೆದ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳುವುದು ಮಾತ್ರ ಎಷ್ಟೋ ಸಲ ತಪ್ಪಿಹೋಗುತ್ತದೆ. ಇಂಥ ಚಿತ್ರಗಳನ್ನು ಓದುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ.

ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಎಂಬ ಪುಟ್ಟ ಚೀಲ ದಪ್ಪ ಗೋಡೆಯದು. ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಆ ಗೋಡೆ ಎದ್ದು ಬೆಳಗುತ್ತದೆ, ಕೆಲವೊಮ್ಮೆ ಒಳಗೆ ರಕ್ತವೂ ತುಂಬಿರುತ್ತದೆ. ಸ್ಕ್ಯಾನ್ ನಡೆದದ್ದು ಋತುಚಕ್ರದ ಎಷ್ಟನೆಯ ದಿನ ಎಂಬುದು ಗೊತ್ತಿಲ್ಲದವರ ಕಣ್ಣಿಗೆ ಅದು ಗಡ್ಡೆಯೇ. ರಕ್ತ ತುಂಬಿದ ಸಿಸ್ಟ್ (ದ್ರವದ ಚೀಲ), ಎಂಡೊಮೆಟ್ರಿಯೋಸಿಸ್‌ನ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಚಾಕಲೇಟ್ ಸಿಸ್ಟ್, ಕೊಬ್ಬಿರುವ ಡರ್ಮಾಯ್ಡ್ ಗಡ್ಡೆ, ಈ ಮೂರೂ ಎಂಆರ್‌ಐನ ಒಂದು ಬಗೆಯಾದ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತವೆ. ಕೊಬ್ಬನ್ನು ಅಡಗಿಸುವ ಚಿತ್ರ ತೆಗೆದರೆ ಡರ್ಮಾಯ್ಡ್ ಯಾವುದೆಂದು ಯಂತ್ರವೇ ತೋರಿಸಿಕೊಡುತ್ತದೆ. ಆದರೆ ಉಳಿದೆರಡರಲ್ಲಿ ರಕ್ತ ಈ ತಿಂಗಳಿನದೋ ಹಲವು ತಿಂಗಳುಗಳಿಂದ ಮಡುಗಟ್ಟಿದ್ದೋ ಎಂಬುದನ್ನು ಟಿ2 ಎಂಬ ಇನ್ನೊಂದು ಬಗೆಯ ಚಿತ್ರ ಎಲ್ಲ ಸಲವೂ ಖಚಿತವಾಗಿ ಹೇಳಲಾರದು. ಅಲ್ಲಿ ನೆರವಿಗೆ ಬರುವುದು ಮುಟ್ಟಿನ ದಿನಾಂಕ, ಅನುಮಾನ ಉಳಿದರೆ ಕೆಲವು ವಾರ ಬಿಟ್ಟು ಮಾಡುವ ಅಲ್ಟ್ರಾಸೌಂಡ್. ಚಕ್ರದ್ದೇ ಸಿಸ್ಟ್ ಆಗಿದ್ದರೆ ಅಷ್ಟರಲ್ಲಿ ಅದು ಸಾಮಾನ್ಯವಾಗಿ ಕರಗಿರುತ್ತದೆ. ಸಾಲದ್ದಕ್ಕೆ, ಅಂಡಾಶಯದ ಕ್ಯಾನ್ಸರಿನ ಶಂಕೆಯಿದ್ದಾಗ ಮಾಡಿಸುವ ಸಿಎ-125 ರಕ್ತಪರೀಕ್ಷೆಯಲ್ಲಿ ಮುಟ್ಟಿನ ದಿನಗಳ ಅಂಕಿಯೂ ಏರಬಹುದು. ಎರಡು ಕಾಗದಗಳೂ ಒಟ್ಟಿಗೆ ಕೈಗೆ ಬಂದ ಕುಟುಂಬ ಕ್ಯಾನ್ಸರ್ ಎಂದೇ ನಂಬಿ ಕಂಗಾಲಾಗುತ್ತದೆ.

ಗರ್ಭಕೋಶದ ಒಳಪೊರೆಗೆ ಅಂಟಿದಂತೆ ಕಾಣುವ ಕಪ್ಪು ಪಟ್ಟಿ 12 ಮಿಲಿಮೀಟರ್ ದಾಟಿದರೆ ಅಡಿನೋಮಯೋಸಿಸ್ (ಒಳಪೊರೆ ಗರ್ಭಕೋಶದ ಸ್ನಾಯುವಿನೊಳಕ್ಕೆ ಬೆಳೆಯುವ ಕಾಯಿಲೆ) ಎಂದು ಶಂಕಿಸುವುದು ರೂಢಿ. ಮುಟ್ಟಿನ ದಿನಗಳಲ್ಲಿ ಆ ಪಟ್ಟಿ ತಾನಾಗಿಯೇ ದಪ್ಪವಾಗುತ್ತದೆ. ಗರ್ಭಕೋಶದ ಸ್ನಾಯು ಕೆಲವು ನಿಮಿಷ ಬಿಗಿದುಕೊಂಡರೂ ಅಂಥದೇ ನೋಟ. ಅಂಥ ಬಿಗಿತವನ್ನು ನಾನೇ ಒಮ್ಮೆ ಫೈಬ್ರಾಯ್ಡ್ ಎಂದು ಬರೆದಿದ್ದೆ. ಸ್ತ್ರೀರೋಗ ತಜ್ಞೆಯೊಬ್ಬರು ಫೋನ್ ಮಾಡಿ ಕೇಳಿದಾಗ ಅದೇ ಸ್ಕ್ಯಾನಿನ ಕೊನೆಯ ಚಿತ್ರಗಳನ್ನು ತೆರೆದು ನೋಡಿದರೆ ಅಲ್ಲಿ ಗಂಟೇ ಇರಲಿಲ್ಲ. ಆ ತಪ್ಪಿಗೆ ದಿನಾಂಕವೂ ಕಾರಣವಲ್ಲ, ಯಂತ್ರವೂ ಅಲ್ಲ, ನನ್ನ ಅವಸರ.

ಮುಟ್ಟು ನಿಂತವರಾದರೆ ನಿಂತ ವರ್ಷ, ಹಾರ್ಮೋನ್ ಮಾತ್ರೆ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಅದೂ ಗೊತ್ತಿರಬೇಕು. ಈ ಔಷಧಿಗಳಿಂದ ಒಳಪೊರೆ ದಪ್ಪವಾಗಬಲ್ಲದು.

ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ ಎಂಬ ದೂರು ನಮ್ಮ ಸಿಬ್ಬಂದಿಯದು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿರುವಾಗ, ಪಕ್ಕದಲ್ಲಿ ಮಾವನವರೋ ಮೈದುನನೋ ಇರುವಾಗ, ಗಾಜಿನಾಚೆಯ ಹುಡುಗ ಗಟ್ಟಿಯಾಗಿ ಕೇಳಿದರೆ ಯಾವ ಹೆಣ್ಣುಮಗಳು ತಾರೀಖು ಹೇಳಿಯಾಳು? ಅರ್ಜಿಯೋ ಹಲವು ಕಡೆ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ಸೆಂಟರ್‌ಗಳು ಕನ್ನಡದಲ್ಲೊಂದು ಚೀಟಿ ಕೊಟ್ಟು ಈ ವಿವರವನ್ನು ಅವರಿಂದಲೇ ಬರೆಸಿಕೊಳ್ಳಲಿ. ಬರೆಯಲು ಬಾರದವರನ್ನು ಒಳಗೆ ಬಟ್ಟೆ ಬದಲಿಸುವಾಗ ದಾದಿಯೊಬ್ಬರು ಕೇಳಿ ಗುರುತು ಹಾಕಿಕೊಳ್ಳಲಿ. ಆ ದಿನಾಂಕ ರಿಪೋರ್ಟಿನ ತಲೆಯಲ್ಲೂ ಅಚ್ಚಾದರೆ, ಅದನ್ನು ಮುಂದೆ ಓದುವ ವೈದ್ಯರಿಗೂ ಅನುಕೂಲ. ಓದುಗರಲ್ಲಿ ನನ್ನದೊಂದು ಕೋರಿಕೆ: ಹಳೆಯ ಅಲ್ಟ್ರಾಸೌಂಡ್ ರಿಪೋರ್ಟುಗಳನ್ನು ಮನೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ.

– ರೇಡಿಯಾಲಜಿಸ್ಟ್ ಒಬ್ಬರು, ಮಲ್ಲೇಶ್ವರ, ಬೆಂಗಳೂರು