ಸೋಲುವ ದಿನವೂ ನಿಲ್ಲುವ ನಿಯಮ ಮಾಡು

ಪ್ರೀತಿಯ ಮಗು,

ನಿನ್ನ ಪತ್ರ ಎರಡು ಸಲ ಓದಿದೆ. ಪ್ರವಾಸಕ್ಕೆ ಮುಂಚೆ ಇಡೀ ತಂಡ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ ಅಂತ ವೈದ್ಯರು ಹೇಳಿದ್ದಾರೆ. ಇಬ್ಬರು ಬೇಡ ಅಂದಿದ್ದಾರೆ, ಅವರಲ್ಲಿ ಒಬ್ಬ ನಿಮ್ಮ ತಂಡದ ದೊಡ್ಡ ಆಟಗಾರ. ನೀನು ಮ್ಯಾನೇಜರ್ ಆಗಿ ಮೂರು ತಿಂಗಳೂ ಆಗಿಲ್ಲ. ನಿನ್ನ ಸಿಟ್ಟು ಅಕ್ಷರದಲ್ಲೇ ಕಾಣುತ್ತದೆ. ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತೇನೆ ಅಂದಿದ್ದೀಯಲ್ಲ, ಅದೊಂದು ಮಾಡಬೇಡ.

ನಾನು ಅದನ್ನು ಮಾಡಿದ್ದೇನೆ. ಫಿಸಿಯೋ ಆಗಿದ್ದ ಕಾಲದಲ್ಲಿ ಒಂದು ತಂಡದ ಹುಡುಗ ಚುಚ್ಚುಮದ್ದು ಬೇಡ ಅಂದ. ಎಲ್ಲರೂ ಊಟಕ್ಕೆ ಕೂತಿದ್ದಾಗ, "ಇಷ್ಟು ದೊಡ್ಡವನು ಸೂಜಿಗೆ ಹೆದರುತ್ತೀಯಾ" ಅಂತ ಕೇಳಿಬಿಟ್ಟೆ. ಎಲ್ಲರೂ ನಕ್ಕರು. ಅವನು ತಟ್ಟೆ ಬಿಟ್ಟು ಎದ್ದು ಹೋದ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅವನ ಅಣ್ಣ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಆದ ರಾತ್ರಿಯೇ ತೀರಿಕೊಂಡಿದ್ದ. ಹೋದದ್ದು ಕಾಯಿಲೆಯಿಂದಲೋ ಇಂಜೆಕ್ಷನ್‌ನಿಂದಲೋ ಅಂತ ಮನೆಯವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಹುಡುಗ ಮುಂದೆ ಮೊಣಕಾಲು ನೋವನ್ನೂ ನನ್ನ ಹತ್ತಿರ ಹೇಳಿಕೊಳ್ಳಲಿಲ್ಲ. ಮುಚ್ಚಿಟ್ಟುಕೊಂಡೇ ಆಡಿದ. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಆಟಗಾರರ ಭಯ ನಮ್ಮ ನಿಮ್ಮ ಭಯದ ಹಾಗಲ್ಲ. ಮೈಯೊಳಗೆ ಏನು ಹೋದರೂ ನೀನೇ ಜವಾಬ್ದಾರ ಅಂತ ಡೋಪಿಂಗ್ ನಿಯಮ, ಅಂದರೆ ನಿಷೇಧಿತ ಮದ್ದು ತಡೆಯುವ ನಿಯಮ, ಅವರಿಗೆ ಮೊದಲ ದಿನದಿಂದ ಕಲಿಸಿರುತ್ತದೆ. ಕೆಮ್ಮಿನ ಸಿರಪ್ ಕುಡಿಯೋಕೂ ಅವರು ಹತ್ತು ಸಲ ಯೋಚನೆ ಮಾಡುತ್ತಾರೆ. ಅಂಥವರಿಗೆ "ಸುಮ್ನೆ ತಗೋ" ಅಂದರೆ ನಡೆಯುವುದಿಲ್ಲ. ಫ್ಲೂ ಲಸಿಕೆ ಅರ್ಧ ಮಿಲಿಲೀಟರ್, ಅದರಲ್ಲಿ ನಿಷೇಧಿತ ವಸ್ತು ಇಲ್ಲ, ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಹಾಗಾಗಿ ಅದರಿಂದ ಫ್ಲೂ ಬರುವುದಿಲ್ಲ. ಇದನ್ನು ನಿಮ್ಮ ವೈದ್ಯರು ಅವನ ಜೊತೆ ಒಬ್ಬರೇ ಕೂತು ಹೇಳಲಿ. ಒಂದೆರಡು ದಿನ ತೋಳು ನೋಯಬಹುದು, ಸ್ವಲ್ಪ ಜ್ವರ ಬರಬಹುದು ಅಂತಲೂ ಹೇಳಲಿ. ಅವನು ಯಾವ ಕೈಯಲ್ಲಿ ಆಡುತ್ತಾನೋ ಆ ಕೈ ಬಿಟ್ಟು ಇನ್ನೊಂದಕ್ಕೆ ಹಾಕಲಿ. ಮರುದಿನ ಪಂದ್ಯ ಇರಬಾರದು. ಲಸಿಕೆಯ ಬಲ ಬರೋಕೆ ಸುಮಾರು ಎರಡು ವಾರ ಬೇಕು, ಅದಕ್ಕೇ ಇವತ್ತೇ ಲೆಕ್ಕ ಹಾಕು.

ಜರ್ಮನಿಯ ಫುಟ್ಬಾಲ್ ಆಟಗಾರ ಯೋಶುವಾ ಕಿಮಿಖ್ ನೆನಪಿದ್ದಾನಾ? 2020ರಲ್ಲಿ ಕೊರೊನಾ ವಿರುದ್ಧ ಸಹಾಯನಿಧಿ ಶುರು ಮಾಡಿದವರಲ್ಲಿ ಅವನೂ ಒಬ್ಬ. 2021ರ ಅಕ್ಟೋಬರ್‌ನಲ್ಲಿ ನೋಡಿದರೆ ಅವನೇ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಬಹಳ ದಿನಗಳ ಮೇಲೆ ಏನಾಗುತ್ತದೋ ಅಂತ ಅನುಮಾನ ಅಂದ. ದೇಶವೇ ಅವನ ಮೇಲೆ ಬಿತ್ತು. ನವೆಂಬರ್‌ನಲ್ಲಿ ಸೋಂಕು ತಗುಲಿ, ಶ್ವಾಸಕೋಶಕ್ಕೆ ತೊಂದರೆಯಾಗಿ, ಆ ವರ್ಷ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಡಿಸೆಂಬರ್‌ನಲ್ಲಿ ಲಸಿಕೆ ತಗೊಳ್ತೇನೆ ಅಂದ, ತನ್ನ ಭಯವನ್ನು ಸಂಭಾಳಿಸೋದು ಕಷ್ಟವಾಗಿತ್ತು ಅಂತ ಒಪ್ಪಿಕೊಂಡ. ಅದು ಅಹಂಕಾರ ಅಂದುಕೊಂಡವರೇ ಜಾಸ್ತಿ. ನನಗೆ ಮಾತ್ರ ತಟ್ಟೆ ಬಿಟ್ಟು ಎದ್ದ ಆ ಹುಡುಗ ಕಣ್ಣ ಮುಂದೆ ಬಂದ.

ಲಸಿಕೆಯಿಂದ ಹೃದಯಕ್ಕೆ ತೊಂದರೆ ಅನ್ನುವ ಮಾತು ನಿನ್ನ ಆಟಗಾರ ಎತ್ತಿಯೇ ಎತ್ತುತ್ತಾನೆ. ಆಗ ಸುಳ್ಳು ಸಮಾಧಾನ ಹೇಳಬೇಡ. ಎಂಆರ್‌ಎನ್‌ಎ ಅನ್ನುವ ಬಗೆಯ ಕೋವಿಡ್ ಲಸಿಕೆಯ ಎರಡನೇ ಡೋಸ್ ಆದ ಮೇಲೆ, ಅದರಲ್ಲೂ ಹದಿಹರೆಯದ ಮತ್ತು ಯುವ ಗಂಡಸರಲ್ಲಿ, ಹೃದಯದ ಸ್ನಾಯು ಊದಿಕೊಂಡದ್ದು ನಿಜ. ಅದು ಬಹಳ ಅಪರೂಪ, ಹೆಚ್ಚಿನವರು ಚೇತರಿಸಿಕೊಂಡರು. ಅದೇ ತೊಂದರೆ ಕೋವಿಡ್ ಕಾಯಿಲೆಯಿಂದಲೂ ಬರುತ್ತದೆ. ನಿಮ್ಮ ಫ್ಲೂ ಲಸಿಕೆ ಆ ಬಗೆಯದಾ ಅಂತ ಅವನು ಕೇಳಿದರೆ ವೈದ್ಯರು ಸೀಸೆಯ ಚೀಟಿ ತೋರಿಸಿ ಉತ್ತರ ಕೊಡಲಿ. ನಿಜ ಹೇಳಿದವರು ಸುಳ್ಳನ್ನೂ ಸುಳ್ಳು ಅಂತ ಹೇಳಬಹುದು. 2021ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಫುಟ್ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲಿ ಕುಸಿದು ಬಿದ್ದಾಗ ಲಸಿಕೆಯಿಂದ ಅಂತ ಸುದ್ದಿ ಹಬ್ಬಿಸಿದರು. ಅವನು ಲಸಿಕೆ ಹಾಕಿಸಿಕೊಂಡೇ ಇರಲಿಲ್ಲ ಅಂತ ಅವನ ಕ್ಲಬ್ಬೇ ಹೇಳಿತು. 2023ರ ಜನವರಿಯಲ್ಲಿ ಅಮೆರಿಕನ್ ಫುಟ್ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಎದೆಗೆ ಪೆಟ್ಟು ಬಿದ್ದು ಹೃದಯ ನಿಂತಾಗಲೂ ಅದೇ ಕಥೆ. ಎದೆಗೆ ಬಿದ್ದ ಪೆಟ್ಟಿನಿಂದಲೇ ಹಾಗಾಯಿತು ಅಂತ ಆಮೇಲೆ ಅವನೇ ತಿಳಿಸಿದ.

ಇನ್ನು ನಿಯಮದ ಮಾತು. ನಿನಗೆ ಈ ಪತ್ರ ಬರೆಯೋಕೆ ಕೂತದ್ದೇ ಇದಕ್ಕೆ.

ನ್ಯೂಯಾರ್ಕ್‌ನ ಬಾಸ್ಕೆಟ್‌ಬಾಲ್ ತಂಡ ಬ್ರೂಕ್ಲಿನ್ ನೆಟ್ಸ್‌ನ ಆಟಗಾರ ಕೈರಿ ಇರ್ವಿಂಗ್ ಕಥೆಯನ್ನು ಸರಿಯಾಗಿ ನೋಡು. ನ್ಯೂಯಾರ್ಕ್ ನಗರದಲ್ಲಿ ಆಗ ಕೋವಿಡ್ ಲಸಿಕೆ ಇಲ್ಲದೆ ಒಳಾಂಗಣದಲ್ಲಿ ಆಡುವ ಹಾಗಿರಲಿಲ್ಲ. ಇರ್ವಿಂಗ್ ಒಪ್ಪಲಿಲ್ಲ. 2021ರ ಅಕ್ಟೋಬರ್ 12ರಂದು ತಂಡ ಹೇಳಿತು: ಎಲ್ಲ ಪಂದ್ಯ ಆಡೋಕೆ ಆಗುವವರೆಗೆ ಆಡುವುದೂ ಬೇಡ, ಅಭ್ಯಾಸವೂ ಬೇಡ. ಗಟ್ಟಿ ಮಾತು, ಅಲ್ವಾ? ಡಿಸೆಂಬರ್ ಬಂತು. ಕೋವಿಡ್‌ನಿಂದ ಒಬ್ಬೊಬ್ಬರೇ ಹೊರಗಾದರು, ಆಡೋಕೆ ಜನ ಸಾಲದಾಯಿತು. ಆಗ ಅದೇ ತಂಡ, ಹೊರಗಿನ ಊರುಗಳಲ್ಲಿ ಬಂದು ಆಡು ಅಂತ ಅವನನ್ನು ಕರೆಯಿತು. ಸೋಂಕು ಜಾಸ್ತಿಯಾದಾಗಲೇ ಲಸಿಕೆ ಇಲ್ಲದವನನ್ನು ಒಳಗೆ ಕರೆದರು. ಅಷ್ಟು ದಿನ ನಿಯಮ ಪಾಲಿಸಿದ ಉಳಿದವರಿಗೆ ಏನನ್ನಿಸಿರಬೇಕು ಹೇಳು.

ನಗರದ ನಿಯಮವೂ ನೆಟ್ಟಗಿರಲಿಲ್ಲ. ಬೇರೆ ಊರಿನಿಂದ ಬಂದ ತಂಡದಲ್ಲಿ ಲಸಿಕೆ ಇಲ್ಲದವನು ಅದೇ ಅಂಗಳದಲ್ಲಿ ಆಡಬಹುದಿತ್ತು, ಮನೆಯ ತಂಡದವನು ಆಡುವ ಹಾಗಿಲ್ಲ. 2022ರ ಮಾರ್ಚ್‌ನಲ್ಲಿ ಮೇಯರ್ ಆಟಗಾರರಿಗೆ ವಿನಾಯಿತಿ ಕೊಟ್ಟರು, ನಗರದ ಎಷ್ಟೋ ಕೆಲಸಗಾರರಿಗೆ ಕೊಡಲಿಲ್ಲ. ಲಸಿಕೆ ಬೇಡ ಅಂದು ಕೆಲಸ ಕಳೆದುಕೊಂಡ ಸಾಮಾನ್ಯರು ಅದನ್ನು ನೋಡುತ್ತಿದ್ದರು. ಇರ್ವಿಂಗ್ ಆ ಋತುವಿನಲ್ಲಿ ಆಡಿದ್ದು 29 ಪಂದ್ಯ. ನೆಟ್ಸ್ ತಂಡ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಗೆ ಸೋತವರು ಹೊರಬೀಳುವ ಹಂತದ, ಮೊದಲ ಸುತ್ತಿನಲ್ಲೇ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು ಮನೆಗೆ ಹೋಯಿತು. ಸೋಲಿಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ತಂಡದ ಮಾತಿನ ತೂಕ ಡಿಸೆಂಬರ್‌ನಲ್ಲೇ ಹೋಗಿತ್ತು.

ಅದಕ್ಕೇ ಮಗು, ನಿಯಮ ಬರೆಯುವ ಮೊದಲು ಒಂದು ಕೇಳಿಕೋ. ನಾಲ್ಕು ಪಂದ್ಯ ಸತತ ಸೋತ ಮೇಲೆ, ಆ ದೊಡ್ಡ ಆಟಗಾರ ಹೊರಗೆ ಕೂತಿರುವಾಗ, ಈ ನಿಯಮವನ್ನು ಹಾಗೇ ಹಿಡಿದುಕೊಂಡಿರುತ್ತೀಯಾ? ಆಗುವುದಿಲ್ಲ ಅನ್ನಿಸಿದರೆ ಅಷ್ಟು ಬಿಗಿಯಾಗಿ ಬರೆಯಲೇಬೇಡ.

ಗೋಲ್ಡನ್ ಸ್ಟೇಟ್ ತಂಡದ ಆಂಡ್ರ್ಯೂ ವಿಗಿನ್ಸ್‌ಗೂ ಅದೇ ವರ್ಷ ಇದೇ ಪ್ರಶ್ನೆ ಬಂದಿತ್ತು. ಧರ್ಮದ ಕಾರಣ ಕೊಟ್ಟು ವಿನಾಯಿತಿ ಕೇಳಿದ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಒಪ್ಪಲಿಲ್ಲ. ಕೊನೆಗೆ ಹಾಕಿಸಿಕೊಂಡ, 2022ರ ಜೂನ್‌ನಲ್ಲಿ ಚಾಂಪಿಯನ್ ಆದ. ಗೆದ್ದ ಮೇಲೂ, ಹಾಕಿಸಿಕೊಳ್ಳದೆ ಇರಬೇಕಿತ್ತು ಅಂತಲೇ ಅಂದ. ನಿಯಮಕ್ಕೆ ಅವನ ತೋಳು ಸಿಕ್ಕಿತು, ಮನಸ್ಸು ಸಿಗಲಿಲ್ಲ. ಅಷ್ಟು ಸಿಕ್ಕರೂ ಕೆಲಸ ನಡೆಯಿತು ಅನ್ನು.

ಮುಚ್ಚಿಡುವುದನ್ನು ಮಾತ್ರ ಸಹಿಸಬೇಡ. ಅಮೆರಿಕನ್ ಫುಟ್ಬಾಲ್ ಆಟಗಾರ ಆರನ್ ರಾಜರ್ಸ್‌ಗೆ 2021ರ ಆಗಸ್ಟ್‌ನಲ್ಲಿ ಲಸಿಕೆ ಆಗಿದೆಯಾ ಅಂತ ಪತ್ರಕರ್ತರು ಕೇಳಿದಾಗ ಇಮ್ಯೂನೈಸ್ಡ್ ಆಗಿದ್ದೇನೆ, ಅಂದರೆ ನನಗೆ ರೋಗ ತಡೆಯುವ ಶಕ್ತಿ ಬಂದಿದೆ ಅಂದ. ನವೆಂಬರ್‌ನಲ್ಲಿ ಸೋಂಕು ಬಂದಾಗ ಲಸಿಕೆಯೇ ಆಗಿಲ್ಲ ಅಂತ ಬಯಲಾಯಿತು. ಅವನಿಗೆ 14,650 ಡಾಲರ್ ದಂಡ, ಅವನ ತಂಡಕ್ಕೆ 3,00,000 ಡಾಲರ್. ಹೆಚ್ಚು ತೆತ್ತದ್ದು ಯಾರು ನೋಡು. ಐಸ್ ಹಾಕಿಯ ಇವಾಂಡರ್ ಕೇನ್‌ಗೆ ಸುಳ್ಳು ಲಸಿಕೆ ಕಾರ್ಡ್ ವಿಷಯದಲ್ಲಿ 21 ಪಂದ್ಯಗಳ ಅಮಾನತು ಆಯಿತು. ಬೇಡ ಅಂದವನಿಗೆ ನಿನ್ನ ಹತ್ತಿರ ಜಾಗ ಇರಲಿ. ಸುಳ್ಳು ಹೇಳಿದವನಿಗೆ ಬೇಡ.

ಈಗ ನಿನ್ನ ತಂಡಕ್ಕೆ ಬರೋಣ. ದೇಶದ ನಿಯಮ ಬೇರೆ, ತಂಡದ ನಿಯಮ ಬೇರೆ. ಹಳದಿ ಜ್ವರದ ಲಸಿಕೆ ಕೇಳುವ ದೇಶಕ್ಕೆ ಹೋಗುವಾಗ ಕನಿಷ್ಠ 10 ದಿನ ಮೊದಲು ಹಾಕಿಸಿದ ಪ್ರಮಾಣಪತ್ರ ಬೇಕೇ ಬೇಕು, ಅಲ್ಲಿ ನಿನ್ನ ಕೈಯಲ್ಲಿ ಏನೂ ಇಲ್ಲ. ಫ್ಲೂ ಲಸಿಕೆ ಹಾಗಲ್ಲ. ಅದರ ರಕ್ಷಣೆ ಪೂರ್ತಿಯೂ ಅಲ್ಲ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಾನಾಗಿದ್ದರೆ ಕೈ ಮುಗಿದು ಕೇಳುತ್ತಿದ್ದೆ, ಕಡ್ಡಾಯ ಮಾಡುತ್ತಿರಲಿಲ್ಲ. ಆದರೆ ಬೇಡ ಅಂದವನಿಗೆ ಕೋಣೆ ಬೇರೆ. ಗಂಟಲು ಕೆರೆದರೂ ಅವತ್ತೇ ಪರೀಕ್ಷೆ. ಜ್ವರ ಇದ್ದರೆ ಫೈನಲ್ ಆದರೂ ಆಡುವ ಹಾಗಿಲ್ಲ. ಈ ಕೊನೆಯದು ಲಸಿಕೆ ಆದವನಿಗೂ ಅಷ್ಟೇ. ದೊಡ್ಡವನಿಗೂ ಬೆಂಚಿನ ಹುಡುಗನಿಗೂ ಒಂದೇ ಹಾಳೆ, ಒಂದೇ ಸಹಿ.

ಅವನ ಜೊತೆ ಮಾತಾಡುವಾಗ ತಂಡದ ಸಾಮಾನು ನೋಡಿಕೊಳ್ಳುವ ಆ ವಯಸ್ಸಾದವರ ವಿಷಯ ಹೇಳು. ಅವರಿಗೆ ಸಕ್ಕರೆ ಕಾಯಿಲೆ ಅಂತ ನೀನೇ ಬರೆದಿದ್ದೆ. ಇಪ್ಪತ್ತೈದರ ಆಟಗಾರ ನಾಲ್ಕು ದಿನ ಮಲಗಿ ಎದ್ದುಬಿಡುತ್ತಾನೆ, ಅವರು ಏಳುವುದು ಅಷ್ಟು ಸುಲಭವಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಗಾಳಿ ಉಸಿರಾಡುತ್ತಾರೆ. ಬೆದರಿಸೋಕೆ ಹೇಳಬೇಡ, ನಿಜ ಅಂತ ಹೇಳು. ಹೇಳಿ ಸುಮ್ಮನಿರು. ಉತ್ತರ ಆಗಲೇ ಬೇಕು ಅಂತ ಕಾಯಬೇಡ, ಎರಡು ದಿನ ಬಿಡು.

ನಾಳೆ ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಹೋದ ಮೇಲೆ, ಅವನನ್ನು ಕೂರಿಸಿಕೊಂಡು ಮೊದಲು ಕೇಳು, ಏನು ಭಯ ಅಂತ. ರಾತ್ರಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ